ಎರಡು ಪಟ್ಟು

ಜೂನ್ 3, ಬೆಳಿಗ್ಗೆ 8.40
ಚೆನ್ನೈನ ಅಂಬತ್ತೂರು, ನಮ್ಮ 3D ಪ್ರಿಂಟಿಂಗ್ ಘಟಕ. ಎರಡು ಮೊಣಕಾಲು, ಒಂದು ದವಡೆ — ಆಪರೇಷನ್ನಿಗೆ ಮೊದಲು ಡಾಕ್ಟರುಗಳು ಹಿಡಿದು ನೋಡುವ ಮಾದರಿಗಳು. ಇವತ್ತೇ ಡೆಲಿವರಿ. ನಾಲ್ಕನೇ ಫೈಲ್ ತೆರೆದೆ. ಬೇಬಿ ಪ್ರಣಮ್ಯಾ, ಮೂರು ತಿಂಗಳು, ಹೃದಯ. ತಂದೆ: ಶಿವರಂಜನ್. ನಾನೇ. ಆರು ವರ್ಷದಿಂದ ಕಂಡವರ ಮಕ್ಕಳ ಹೃದಯ ಪ್ರಿಂಟ್ ಮಾಡಿದವನು. ಇದನ್ನು ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ.

ಜೂನ್ 4
ಮಕ್ಕಳ ಹೃದಯವನ್ನು ಯಾವಾಗಲೂ ಎರಡು ಪಟ್ಟು ದೊಡ್ಡದು ಮಾಡುತ್ತೇವೆ. ಇಲ್ಲದಿದ್ದರೆ ಒಳಗಿನ ತೂತು ಕಾಣುವುದಿಲ್ಲ. ಕೆಳಗಿನ ಪೀಠದ ಮೇಲೆ ‘200%’ ಅಂತ ಇರುತ್ತದೆ. ಪ್ರಿಂಟಿಗೆ ಆಸರೆಯಾಗಿದ್ದ ಸಪೋರ್ಟ್ ಕಡ್ಡಿಗಳನ್ನು ಕತ್ತರಿಸುವಾಗ ಇಕ್ಕಳ ಜಾರಿ ಪೀಠವೇ ಮುರಿಯಿತು. ಸರ್ಜನ್ನಿಗೆ ಗೊತ್ತೇ ಇರುತ್ತದೆ, ಇರಲಿ ಅಂದುಕೊಂಡೆ.
ಮಾದರಿಯನ್ನು ಮನೆಗೆ ತಂದೆ. ಹೆಂಡತಿ ಕೋಮಲಾ ಎರಡೂ ಕೈಯಲ್ಲಿ ಹಿಡಿದಳು.
“ಯವ್ವಾ, ಎಷ್ಟ್ ದೊಡ್ಡದೈತ್ರಿ! ನನ್ನ ಮಗಳು ಆಪರೇಷನ್ ತಡ್ಕೋತಾಳ ಬಿಡ್ರಿ!”
ತಿಂಗಳಾದ ಮೇಲೆ ಇವತ್ತು ನಕ್ಕಳು. ನಿಜ ಹೇಳಲು ಬಾಯಿ ಬರಲಿಲ್ಲ. ಹೇಡಿ ನಾನು.

ಜೂನ್ 6
ಸರ್ಜನ್ ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಬೆರಳು ಹಾಕಿದರು. “ವೇಣಾಂ ತಂಬಿ,” ಅಂದರು, ಬೇಡ ತಮ್ಮಾ ಅಂತ. ಹೃದಯದ ನಡುವೆ ಗೋಡೆಯೇ ಇಲ್ಲ, ಹೊಲಿಗೆ ಹಾಕುವುದೆಲ್ಲಿ, ಮಗು ಟೇಬಲ್ ಮೇಲೇ ಹೋಗಿಬಿಡುತ್ತದೆ... ಪ್ರಿಂಟ್ ಮಾತ್ರ ಬಹಳ ಸ್ಪಷ್ಟವಾಗಿ ಬಂದಿದೆಯಂತೆ. ಹೊಗಳಿದರು ಬೇರೆ!

ಜೂನ್ 14
ಮೂರನೇ ಆಸ್ಪತ್ರೆ. ಅಲ್ಲೂ ಬೇಡ ಅಂದರು. ಬಸ್ಸಿನಲ್ಲಿ ಕೋಮಲಾಳ ಮಡಿಲಲ್ಲಿ ಮಗು, ಬ್ಯಾಗಿನಲ್ಲಿ ಆ ಮಾದರಿ. “ಇಷ್ಟ್ ದೊಡ್ಡ ಹೃದಯ ಐತಿ, ಆಗಂಗಿಲ್ಲ ಅಂತಾರಲ್ಲ, ಕಣ್ಣಿಲ್ಲೇನ್ ಅವರಿಗೆ?”
ನಾನು ಬ್ಯಾಗಿನ ಜಿಪ್ ಎಳೆದೆ.

ಜುಲೈ 2
ಮಣ್ಣು ಮಾಡಿ ಐದು ದಿನ. ಹುಟ್ಟಿದಾಗ ಅವ್ವ ಕಟ್ಟಿಸಿದ ಲಿಂಗವನ್ನು ಪ್ರಣಮ್ಯಾಳ ಅಂಗೈಯಲ್ಲೇ ಇಟ್ಟು ಕಳಿಸಿದೆವು. ಎಷ್ಟು ಪುಟ್ಟ ಕೈ. ಲಿಂಗ ನಿಲ್ಲಲಿಲ್ಲ. ಬಟ್ಟೆ ಸುತ್ತಬೇಕಾಯಿತು.
ಕೋಮಲಾ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರುಗಳಿಗೆ ಶಾಪ ಹಾಕುತ್ತಿದ್ದಳು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ — ಅದು ಎರಡು ಪಟ್ಟು.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
“ಹಂಗಾರ ಖರೇ ಎಷ್ಟಿತ್ತು? ಮಾಡಿ ತೋರಸ್ರಿ.”

ಜುಲೈ 4, ಸಂಜೆ 5
ಈ ಸಲ ನೂರು ಪರ್ಸೆಂಟ್. ಎಷ್ಟು ಬೇಗ ಮುಗಿದುಹೋಯಿತು. ಊಟದ ಡಬ್ಬಿಯಲ್ಲಿ ಹತ್ತಿ ಹಾಕಿ ತಂದೆ. ಕೋಮಲಾ ಎಡಗೈ ಚಾಚಿದಳು. ಇಟ್ಟೆ. ಬೆರಳು ಮಡಚಿದಳು. ಮುಚ್ಚಿಹೋಯಿತು.
“ಇಷ್ಟರಾಗನ ನಾಕ್ ತಿಂಗಳು ಇದ್ಳೇನ್ರಿ?”