ಹಡಗಿನ ಅಲುಗಾಟಕ್ಕಲ್ಲ

ಸಿಂದಗಿ
ಮೇ ೧೯

ಅವ್ವನಿಗೆ,

ನಮಸ್ಕಾರವನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುವುದರ ನಡುವೆ ಅದಕ್ಕೆ ಜಾಗ ಸಿಗಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಮಂಚದ ಕೆಳಗಿನಿಂದ ಇರುವೆಗಳ ಸಾಲೊಂದು ಬಾಗಿಲ ತನಕ ಹರಿದಿತ್ತು. ಬಗ್ಗಿ ನೋಡಿದರೆ ಅಂಡಮಾನಿಗೆ ಒಯ್ದಿದ್ದ ಚೀಲ. ಬಂದಾಗಿನಿಂದ ಅದನ್ನು ಬಿಚ್ಚುವ ಮನಸ್ಸಾಗಿರಲಿಲ್ಲ. ಇವತ್ತು ಬಿಚ್ಚಿದೆ. ಲೇಬಲ್ಲು ಕೂಡ ಹರಿಯದ ಈಜುಡುಪು ಮೇಲೆ, ಅದರ ಕೆಳಗೆ ನೀನು ಕೊಟ್ಟ ಚಿಗಳಿ ಡಬ್ಬಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿ ಕೊಟ್ಟಿದ್ದೆ. ಹಡಗಿನಲ್ಲಿ ಹೊಟ್ಟೆ ತೊಳೆಸಿದರೆ ಬಾಯಿಗೆ ಇರಲಿ ಎಂದು ಕೊಟ್ಟಿದ್ದೀಯೆಂದು ನಾನು ತಿಳಿದಿದ್ದೆ. "ಹುಳಿ ತಿನ್ನಬೇಕು ಅನಿಸಿದ್ರ ತಿನ್ನವ್ವ, ನಾಚಬ್ಯಾಡ" ಎಂದು ನೀನು ಬಾಗಿಲಲ್ಲಿ ನಿಂತು ನಕ್ಕದ್ದು ಯಾಕೆಂದು ಈಗ ಗೊತ್ತಾಗಿದೆ.

ಫೋನಿನಲ್ಲಿ ನೀನು ಮಾತು ಹೊರಳಿಸುತ್ತೀ. ಇಲ್ಲವೇ ಫೋನನ್ನು ನಿನ್ನ ಸೊಸೆ ಸುವರ್ಣಾ ವೈನಿಯ ಕೈಗೆ ಕೊಟ್ಟು ಎದ್ದು ಹೋಗುತ್ತೀ. ಅದಕ್ಕೇ ಪತ್ರ. ಹೊಸ ಚಾಳೀಸು ಹಾಕಿಕೊಂಡು ನೀನೇ ಓದು, ವೈನಿಯ ಹತ್ತಿರ ಓದಿಸಬೇಡ.

ಈ ಪ್ರವಾಸ ನಮ್ಮಿಬ್ಬರಿಗೆ ಏನಾಗಿತ್ತು ಎಂಬುದನ್ನು ನೀನು ಒಮ್ಮೆಯೂ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಇವರೊಂದಿಗೆ ಮಾತಾಡಲೂ ನನಗೆ ಬಾಯಿ ಬರುತ್ತಿರಲಿಲ್ಲ. ಓಡುವುದರಿಂದಲೇ ನಮಗೆ ಸಲುಗೆಯಾದದ್ದು. ಬೆಳಗಾಗುವಾಗ ಇಂಡಿ ರಸ್ತೆಯಲ್ಲಿ ಓಡಲು ಹೋದರೆ ಹಾಲಿನವರು ಸೈಕಲ್ಲು ನಿಲ್ಲಿಸಿ, "ಸಿದ್ದಾರೂಢ ಮಾಸ್ತರ, ನಾಯಿ ಏನರ ಬೆನ್ನ ಹತ್ಯಾವೇನ್ರಿ?" ಎಂದು ನಗುತ್ತಿದ್ದರು. ಊರಿಗೆ ಬಂದಾಗ ಹಿನ್ನೀರಿನಲ್ಲಿ ನಬಿಸಾಬ ಕಾಕಾನ ತೆಪ್ಪದಲ್ಲಿ ಹುಟ್ಟು ಹಾಕುವುದನ್ನು ಕಲಿತೆವು. ಇವರ ಕೈಗೆ ಹುಟ್ಟು ಕೊಟ್ಟರೆ ತೆಪ್ಪ ನಿಂತಲ್ಲೇ ಸುತ್ತುತ್ತಿತ್ತು. "ತಂಗಿ, ನೀ ಹಿಡಿ. ಮಾಸ್ತರು ಗಿರಗಿಟ್ಲಿ ಆಡಸಾಕತ್ತಾರ" ಎನ್ನುತ್ತಿದ್ದ ಕಾಕಾ. ಇದೆಲ್ಲ ಅಂಡಮಾನಿನ ಈ ಪ್ರವಾಸಕ್ಕಾಗಿಯೇ. ನಡುಗಡ್ಡೆಯಿಂದ ನಡುಗಡ್ಡೆಗೆ ಹೋಗುವ ಹಡಗು, ನಿಂತಲ್ಲೆಲ್ಲ ಒಂದು ಸಾಹಸ: ಕಡಲಲ್ಲಿ ಮುಳುಗಿ ಮೀನು ನೋಡುವುದು, ಗುಡ್ಡ ಹತ್ತುವುದು, ಉಪ್ಪುನೀರಿನ ಕಾಡಿನೊಳಗೆ ಕಯಾಕ್ ಎಂಬ ಸಣ್ಣ ದೋಣಿ ನಡೆಸುವುದು. ಬೆನ್ನಿಗೆ ಬೆಂಡು ಕಟ್ಟಿ ಅಪ್ಪ ಬಾವಿಗೆ ನೂಕಿದಂದಿನಿಂದ ನನಗೆ ನೀರೆಂದರೆ ಏನೆಂದು ನಿನಗೆ ಗೊತ್ತು.

ಹಡಗು ಹತ್ತಿದ ಮೊದಲ ದಿನದಿಂದಲೇ ಇವರು ಬೇರೆ ಮನುಷ್ಯರಾದರು. ಮೀನು ನೋಡಲು ಎಲ್ಲರೂ ನೀರಿಗಿಳಿದರೆ, ನನ್ನನ್ನು ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿದರು. ಅದರಲ್ಲಿದ್ದವರು ಪುಣೆಯ ಮುದುಕ-ಮುದುಕಿಯರು. ಒಬ್ಬ ಅಜ್ಜಿ ನನಗೆ ಚಿಕ್ಕಿ ಕೊಟ್ಟು, ನಿನಗೂ ಮೊಣಕಾಲು ನೋವೇ ಎಂದು ಕೇಳಿದಳು. ಗುಡ್ಡ ಹತ್ತುವ ದಿನ, "ಬ್ಯಾಡ, ಬಿಸಲೈತಿ" ಎಂದರು. ಮೇ ತಿಂಗಳಲ್ಲಿ ಸಿಂದಗಿಯಿಂದ ಹೋದವಳಿಗೆ ಬಿಸಿಲು. ಯಾಕೆಂದು ಕೇಳಿದರೆ ಮುಖ ತಿರುಗಿಸುತ್ತಿದ್ದರು. ರಾತ್ರಿ ಮಾತ್ರ ಎರಡೆರಡು ಸಲ ಎದ್ದು ನನಗೆ ಹೊದಿಸುತ್ತಿದ್ದರು. ಈಜುಡುಪು ಹಾಕಿದ ಹೆಂಡತಿಯನ್ನು ನಾಲ್ಕು ಮಂದಿ ನೋಡುವುದು ಇವರಿಗೆ ಸೇರುತ್ತಿಲ್ಲ, ಊರಲ್ಲಿ ಓಡಿಸಿದ್ದೆಲ್ಲ ನಾಟಕ ಎಂದುಕೊಂಡೆ. ಹಾಗೆ ಅಂದುಕೊಂಡು, ಏನೂ ಹೇಳದೆ, ಒಳಗೊಳಗೇ ಇವರನ್ನು ದ್ವೇಷಿಸತೊಡಗಿದೆ. ನಾನು ಹಾಗೆಯೇ ಅಲ್ಲವೇ, ನೀನೇ ಬೆಳೆಸಿದವಳು.

ಕೊನೆಯ ನಡುಗಡ್ಡೆಯಲ್ಲಿ ಕಯಾಕ್. ನಾನು ಯಾರನ್ನೂ ಕೇಳದೆ ಜಾಕೆಟ್ಟು ಹಾಕಿಕೊಂಡು ಸಾಲಿನಲ್ಲಿ ನಿಂತೆ. ದೋಣಿಗಳ ಉಸ್ತುವಾರಿ ಅಲ್ಮಾಸ ಎಂಬ ಹುಡುಗಿಯದು. ಇವರು ಅವಳ ಹತ್ತಿರ ಹೋಗಿ ಹಿಂದಿಯಲ್ಲಿ ಏನೋ ಪಿಸುಗುಟ್ಟಿದರು. ಅವಳು ನಗುತ್ತ ಬಂದು ನನ್ನ ಜಾಕೆಟ್ಟಿನ ಪಟ್ಟಿ ಬಿಚ್ಚತೊಡಗಿದಳು. ಮುಂದಿನ ವರ್ಷ ಮಗುವನ್ನೂ ಕರೆದುಕೊಂಡು ಬನ್ನಿ ದೀದಿ, ಆಗ ನಾನೇ ಹತ್ತಿಸುತ್ತೇನೆ ಎಂದಳು.

ಅವ್ವಾ, ಆ ದಿನ ನನಗೆ ಮುಟ್ಟಿನ ಎರಡನೆಯ ದಿನ.

ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನನ್ನ ದನಿ ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ. ಅಂಥವಳು ಅಷ್ಟೂ ಜನರ ನಡುವೆ ನಿಂತು, ಮೊದಲು ಹಿಂದಿಯಲ್ಲಿ ಅವಳಿಗೆ, ಆಮೇಲೆ ಕನ್ನಡದಲ್ಲಿ ಇವರಿಗೆ ಹೇಳಿದೆ. "ನಾ ಮುಟ್ಟಾಗೇನಿ. ನಿನ್ನಿಯಿಂದ. ಯಾವ ಕೂಸಿನ ಮಾತು ರೀ ಇದು?"

ಅಲ್ಮಾಸ ಮತ್ತೆ ಪಟ್ಟಿ ಬಿಗಿದಳು. ಇಬ್ಬರ ಕಯಾಕಿನಲ್ಲಿ ದಾರಿ ತಿರುಗಿಸುವವರು ಹಿಂದೆ ಕೂರಬೇಕು. ನಾನು ಹಿಂದೆ ಕುಳಿತೆ. ನೀರೊಳಗೆ ಬೇರೂರಿದ ಮರಗಳ ನಡುವೆ ಬಹಳ ಹೊತ್ತು ಇವರ ಬೆನ್ನನ್ನಷ್ಟೇ ನೋಡುತ್ತ ಹುಟ್ಟು ಹಾಕಿದೆ.

"ನೀನಾಗೇ ಹೇಳ್ತಿ ಅಂತ ಕಾಯಾಕತ್ತಿದ್ದೆ" ಎಂದರು ಕಡೆಗೆ. "ನಿಮ್ಮವ್ವ ನಮ್ಮವ್ವಗ ಹೇಳ್ಯಾರ. ಮೂರು ತಿಂಗಳಾಗೂ ತನಕ ಯಾರೂ ಬಾಯಿ ಬಿಡಬಾರದು, ಹುಡುಗೀನ್ನೂ ಏನೂ ಕೇಳಬಾರದು, ದಿಟ್ಟಿ ಆಗ್ತೈತಿ ಅಂದ್ಲು ನಮ್ಮವ್ವ."

"ಅಂದ್ರ ನನ್ನ ಹೊಟ್ಟಿ ಸುದ್ದಿ ನನ್ನೊಬ್ಬಾಕೀನ ಬಿಟ್ಟು ಎಲ್ಲಾರಿಗೂ ಗೊತ್ತಿತ್ತು."

"ಎಲ್ಲಾರಿಗೂ ಅಲ್ಲ. ಮನ್ಯಾಗಿನವ್ರಿಗೆ."

ಇವರ ಹುಟ್ಟು ನಿಂತುಹೋಗಿತ್ತು. ಭುಜ ಅಲುಗುತ್ತಿದ್ದವು. ಇಷ್ಟು ದಿನ ಈ ಮನುಷ್ಯ ಒಬ್ಬರೇ ಒಂದು ಕೂಸನ್ನು ಇಟ್ಟುಕೊಂಡು ಓಡಾಡಿದ್ದರು. ಹುಟ್ಟದ, ಮೂಡದ ಆ ಕೂಸನ್ನು ನಾನೇ ಅವರ ಕೈಯಿಂದ ಕಸಿದಂತಾಯಿತು. ನನಗೆ ಮರುಕ ಬಂತು, ಮರುಕದ ಜೊತೆಗೇ ಸಿಟ್ಟೂ ಬಂತು. ನನ್ನದಲ್ಲದ ದುಃಖವನ್ನು ನಾನು ಯಾಕೆ ಸಂತೈಸಬೇಕು?

ನೀನು ಹೇಗೆ ಲೆಕ್ಕ ಹಾಕಿದೆಯೆಂದು ನನಗೆ ಆ ನೀರಿನಲ್ಲೇ ಹೊಳೆಯಿತು. ಯುಗಾದಿಯಾದ ಮೇಲೆ ನೀನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿ ತಿಂಗಳಿಡೀ ಉಳಿದೆ. ನನ್ನ ಪಕ್ಕ ನೀನು ಮಲಗುತ್ತಿದ್ದೆ, ಇವರು ಹೊರಗಿನ ಖೋಲಿಯಲ್ಲಿ. ಅಷ್ಟು ದಿನದಲ್ಲಿ ಒಮ್ಮೆಯೂ ನಾನು ಹೊರಗೆ ಕೂಡಲಿಲ್ಲ. ಹೊರಗೆ ಕೂಡಲಿಲ್ಲ, ಅಂದರೆ ಮುಟ್ಟಾಗಿಲ್ಲ. ಮುಟ್ಟಾಗಿಲ್ಲ, ಅಂದರೆ ಬಸುರಿ. ನನ್ನನ್ನು ಒಂದು ಮಾತು ಕೇಳಬೇಕು ಎಂದು ನಿನಗೆ ಅನಿಸಲೇ ಇಲ್ಲ.

ಆಗಿದ್ದೆ ಅವ್ವಾ. ನಿನ್ನ ಕಣ್ಣಿಗೆ ಪಟ್ಟಿ ಇದ್ದಾಗಲೇ ಆಗಿದ್ದೆ. ಸಿಂದಗಿಯ ನಮ್ಮ ಮನೆಯಲ್ಲಿ ನಾನು ಯಾವತ್ತೂ ಬೇರೆ ಕೂತವಳಲ್ಲ. ನಿನಗೆ ಹೇಳಿದ್ದರೆ ನೀನು ನನ್ನನ್ನು ಹಿತ್ತಲಿಗೆ ಕಳಿಸುತ್ತಿದ್ದೆ. ಆಗ ರೊಟ್ಟಿ ಯಾರು ಬಡಿಯಬೇಕಿತ್ತು, ನಿನ್ನ ಕಣ್ಣಿಗೆ ಔಷಧದ ಹನಿ ಯಾರು ಹಾಕಬೇಕಿತ್ತು? ಆ ದಿನಗಳಲ್ಲಿ ಇದೇ ಕೈಯಿಂದ ನಿನ್ನ ರೆಪ್ಪೆ ಎತ್ತಿ ಹನಿ ಹಾಕಿದೆ. ಕಣ್ಣು ಚೆನ್ನಾಗಿಯೇ ಆಯಿತು.

ಆ ಸಂಜೆ ಹಡಗಿನಿಂದ ಫೋನು ಮಾಡಿ ಇದಿಷ್ಟನ್ನೂ ಹೇಳಿದಾಗ ನೀನು ಮೊದಲು ಏನು ಕೇಳಿದೆ, ನೆನಪಿದೆಯೇ? ಮಗಳೇ ಹೇಗಿದ್ದೀ ಎಂದಲ್ಲ. "ಅಂದ್ರ ನೀ ತುಂಬಿ ಕೊಟ್ಟ ನೀರಿಲೆ ನಾ ಲಿಂಗಪೂಜಿ ಮಾಡಿದ್ನೇನ?" ಎಂದು ಕೇಳಿದೆ. ಆಮೇಲೆ ನೀನೇ ಫೋನು ಇಟ್ಟೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಹೋದ ಭಾನುವಾರ ಇಂಡಿಗೆ ಹೋದೆವು. ಅತ್ತೆ ನನ್ನನ್ನು ಏಳಗೊಡಲಿಲ್ಲ. ಅಳವಿ ಪಾಯಸ ಮಾಡಿ ತಂದು, ಬಾಣಂತಿಗೆ ಕೊಟ್ಟಂತೆ ಕೈಗೆ ಕೊಟ್ಟರು. ತಲೆ ಸವರಿ, "ಹೋಗ್ಲಿ ಬಿಡವ್ವ, ಇನ್ನೂ ವಯಸ್ಸೈತಿ. ಹಡಗಿನ ಅಲುಗಾಟಕ್ಕ ಹೋತು ಅಂತ ನಿಮ್ಮವ್ವ ಫೋನ್ ಹಚ್ಚಿ ಅತ್ತರು. ಇನ್ನ ಮ್ಯಾಲ ಓಡೂದು, ಜಿಗಿಯೂದು, ನೀರಾಗ ಬೀಳೂದು ಎಲ್ಲಾ ಬಂದ್" ಎಂದರು. ಪಕ್ಕದ ಮನೆಯ ದುರ್ಗವ್ವ ಹೊಸ್ತಿಲಲ್ಲಿ ಕುಳಿತು, "ಈಗಿನ ಹುಡುಗ್ಯಾರು ಎಲ್ಲಿ ಕೇಳ್ತಾರವಾ" ಎಂದಳು.

ನಾನು ಇವರ ಮುಖ ನೋಡಿದೆ. ಇವರು ತಾಟು ನೋಡಿದರು. ಬಸ್ಸಿನಲ್ಲಿ ಕೇಳಿದರೆ, "ಮುಟ್ಟಿನ ಮಾತ ನಮ್ಮವ್ವನ ಮುಂದ ನಾ ಹ್ಯಾಂಗ ಆಡ್ಲಿ?" ಎಂದರು. ಶಾಲೆಯ ಹುಡುಗಿಯರಿಗೆ ಖೋಖೋ ಕಲಿಸುವ ಮಾಸ್ತರು. ಅಂದಿನಿಂದ ಬೆಳಿಗ್ಗೆ ಓಡಲು ಒಬ್ಬರೇ ಹೋಗುತ್ತಿದ್ದಾರೆ. ನನ್ನ ಬೂಟು ಬಾಗಿಲ ಹಿಂದೆ ಇದೆ.

ನನ್ನ ಸಿಟ್ಟು ಯಾತಕ್ಕೆಂದು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಮಗಳು ಮುಟ್ಟಾದಾಗ ಒಲೆ ಮುಟ್ಟಿದಳು ಎಂದು ಬೀಗರಿಗೆ ಹೇಳುವುದಕ್ಕಿಂತ ಮಗಳ ಬಸಿರು ಹೋಯಿತು ಎಂದು ಹೇಳುವುದು ನಿನಗೆ ಹಗುರವಾಯಿತು. ನಿನ್ನ ಮಡಿ ಉಳಿಯಿತು. ನಾನು ಮಾತ್ರ ಇಂಡಿಯ ಓಣಿಯಲ್ಲಿ ತಿರುಗಾಟದ ಹುಚ್ಚಿಗೆ ಕೂಸನ್ನು ಕಳೆದುಕೊಂಡವಳಾದೆ. ಮುಂದೆ ನಿಜವಾಗಿ ಕೂಸಾದರೂ ಅದನ್ನು ಎರಡನೆಯದೆಂದೇ ಎಣಿಸುತ್ತಾರೆ. ತಡವಾದರೆ ಹಡಗಿನ ಕಥೆ ಹೇಳುತ್ತಾರೆ.

ನಮ್ಮದು ಸೂತಕ ಒಪ್ಪದ ಮನೆತನ ಎಂದು ಅಪ್ಪ ಮಂದಿಯ ಮುಂದೆ ಎದೆಯುಬ್ಬಿಸಿ ಹೇಳುತ್ತಾನೆ. ಸೂತಕ ತೊಡೆದ ಶರಣರು ಹುಟ್ಟಿದ ಬಾಗೇವಾಡಿ ನಮ್ಮ ಪಕ್ಕದಲ್ಲೇ ಇದೆ, ವರ್ಷಕ್ಕೊಮ್ಮೆ ಹೋಗಿ ಕೈ ಮುಗಿದು ಬರುತ್ತೇವೆ. ಹಿತ್ತಲಿನ ಕಟ್ಟೆಯ ಮೇಲೆ ಚಾಪೆ, ತಂಬಿಗೆ ಇಟ್ಟುಕೊಂಡು ನಾನು ಓದಿದ ಪುಸ್ತಕಗಳಿಗೆ ಮಾತ್ರ ಲೆಕ್ಕವಿಲ್ಲ. ಕಾಲೇಜಿನಲ್ಲಿ ಸೂತಕವಿಲ್ಲ ಎನ್ನುವ ವಚನಗಳ ಪಾಠ ಮಾಡಿದಾಗ ಮೇಷ್ಟರು ಅನುಮಾನವಿದ್ದರೆ ಕೇಳಿ ಎಂದಿದ್ದರು. ನಾನು ಕೇಳಲಿಲ್ಲ.

ಇಂಡಿಗೆ ಫೋನು ಹಚ್ಚಿ ಇದ್ದದ್ದು ಹೇಳು. ನೀನು ಅತ್ತು ಹೇಳಿದ ಸುಳ್ಳು, ನೀನೇ ತಿದ್ದಬೇಕು. ಪಂಚಮಿಯ ತನಕ ಕಾಯುತ್ತೇನೆ.

ಕಣ್ಣಿಗೆ ಧೂಳು ಬೀಳದಂತೆ ನೋಡಿಕೋ. ಹನಿ ತಪ್ಪಿಸಬೇಡ.

ನಿನ್ನ ಮೇಲೆ ಸಿಟ್ಟಿರುವ,
ಆದರೂ ನಿನ್ನವಳೇ ಆದ
ಶೈಲಶ್ರೀ

ತಾ.ಕ.: ಪತ್ರವನ್ನು ಪೋಸ್ಟಿಗೆ ಹಾಕಲು ಇವರ ಕೈಗೇ ಕೊಡುತ್ತೇನೆ, ಲಕೋಟೆ ಅಂಟಿಸದೆ. ಓದಿದರೆ ಓದಲಿ.

ಇರುವೆ ಮುಟ್ಟದ ಒಂದು ಚಿಗಳಿ ಉಳಿದಿತ್ತು, ತಿಂದೆ. ನಿನ್ನ ಕೈಯದು, ಚೆನ್ನಾಗಿಯೇ ಇತ್ತು.

ಇನ್ನೊಂದು. ಕ್ಯಾಲೆಂಡರು ನೋಡಿದೆ. ಈ ಸಲ ಪಂಚಮಿಯ ಹೊತ್ತಿಗೆ ನನಗೆ ಅದೇ ದಿನಗಳು ಬರುತ್ತವೆ. ಅಣ್ಣ ಕರೆಯಲು ಬಂದರೆ ಬರುತ್ತೇನೆ. ಅತ್ತೆಯನ್ನೂ ಹಬ್ಬಕ್ಕೆ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಅಷ್ಟರೊಳಗೆ ನೀನು ಹೇಳಿರದಿದ್ದರೆ, ಅಡುಗೆಮನೆಯಲ್ಲಿ ಎಲ್ಲರ ನಡುವೆ ಕುಳಿತು ತಂಬಿಟ್ಟಿನ ಉಂಡೆ ಕಟ್ಟುತ್ತ ನಾನೇ ಹೇಳುತ್ತೇನೆ. ಹೇಳಿದ್ದರೂ ಉಂಡೆ ನಾನೇ ಕಟ್ಟುತ್ತೇನೆ. ಹಿತ್ತಲಿನ ಕಟ್ಟೆಯ ಮೇಲೆ ಚಾಪೆ ಹಾಸಬೇಡ.