ಬೆಂಚಿನ ಮೇಲೆ ಕೂತಿದ್ದ ಅವ್ವನಿಗೆ

ಹೂವಿನಹಡಗಲಿ
೧೨ ಸೆಪ್ಟೆಂಬರ್ ೧೯೮೭, ಶನಿವಾರ

ನನ್ನ ಅವ್ವಾ,

ನಿನ್ನ ಹಿರೇಮಗಳು ಉಚ್ಚಂಗೆಮ್ಮ ಬರೆಯುತ್ತಿದ್ದೇನೆ, ಕಾಲಿಗೆ ಬಿದ್ದೆ ಅಂತ ತಿಳಿದುಕೋ. ಮೊಣಕಾಲಿನ ಬಾವು ಇಳಿಯಿತೇ? ಹೋದ ತಿಂಗಳು ಕಳಿಸಿದ ಗುಳಿಗೆಯನ್ನು ಉಂಡ ಮೇಲೆ ನುಂಗಬೇಕು, ಬರೀ ಹೊಟ್ಟೆಯಲ್ಲಿ ಚಹಾದ ಜೊತೆ ಅಲ್ಲ. ನೀನು ಚಹಾದ ಜೊತೆಯೇ ನುಂಗುತ್ತೀ, ನನಗೆ ಗೊತ್ತು. ತೆಲಿಗಿಯಲ್ಲಿ ಮಳೆ ಆಯಿತೇ? ತಂಗಿ ಪಕ್ಕಿಯ ಕೂಸಿಗೆ ಹಲ್ಲು ಬಂದವೇ? ಅಳಿಯ ಸುಂಕಪ್ಪನ ನೌಕರಿ ಕಾಯಂ ಆಯಿತೇ? ಪಕ್ಕೀ, ಅವ್ವನಿಗೆ ಕಾಗದ ಓದಿ ಹೇಳುವವಳು ನೀನೇ ಆದ್ದರಿಂದ ನಿನಗೂ ಒಂದು ಮಾತು. ನೀನು ನಡುನಡುವೆ ಹಾರಿಸಿ ಓದುತ್ತೀ ಅಂತ ನನಗೆ ಅನುಮಾನ. ಹೋದ ಸಲ ನಾನು ನಾಲ್ಕು ಪುಟ ಬರೆದರೆ ನೀನು 'ಓದಿ ಹೇಳೀನಿ, ಅವ್ವ ಆರಾಮ್ ಅದಾಳ' ಅಂತ ಒಂದೇ ಸಾಲು ಬರೆದಿ. ಅವ್ವ ಏನಂದಳು ಅಂತ ಬರೆಯಲಿಲ್ಲ. ಏನೂ ಅನ್ನಲಿಲ್ಲ ಅಂತ ಇಟ್ಟುಕೊಂಡೆ. ನಾಲ್ಕು ವರ್ಷದಿಂದ ನೀನು ನನ್ನ ಜೊತೆ ಮಾತಾಡಿಲ್ಲ ಅವ್ವಾ, ಈಗ ಆಡುತ್ತೀ ಅಂತ ನಾನೇನೂ ಕಾಯುತ್ತ ಕೂತಿಲ್ಲ. ಕೂತಿದ್ದೇನೆ, ಇರಲಿ.

ನಾನು ಆರಾಮಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ. ದೊಡ್ಡಾಸ್ಪತ್ರೆಯ ಕ್ಯಾಜುವಾಲಿಟಿಯಲ್ಲಿ ಹನ್ನೊಂದು ವರ್ಷ ದುಡಿದು, ಅದನ್ನು ಬಿಟ್ಟು ಮತ್ತೆ ಓದಿ, ಈಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿರುವುದು ನಿನಗೆ ಗೊತ್ತೇ ಇದೆ. ಈಗೊಂದು ಸಂಶೋಧನೆ ಹಿಡಿದಿದ್ದೇನೆ. ನರ್ಸುಗಳ ಜೀವಕ್ಕೆ ಕೆಲಸದಿಂದ ಎಷ್ಟು ತ್ರಾಸಾಗುತ್ತದೆ ಅಂತ ಅಳೆದು ನೋಡುವುದು. ನೀನಾಗಿದ್ದರೆ 'ಅದನ್ನೇನ ಅಳೀತಿ, ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು' ಅನ್ನುತ್ತಿದ್ದಿ. ಮಾರಿ ನೋಡಿ ಹೇಳಿದರೆ ಕಾಲೇಜಿನವರು ಒಪ್ಪುವುದಿಲ್ಲ, ಅವರಿಗೆ ಕಾಗದ ಬೇಕು. ಅದಕ್ಕೆ ನಲವತ್ತೆರಡು ಪ್ರಶ್ನೆ ಅಚ್ಚು ಹಾಕಿಸಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಅಂತ ಒಂದು ತಿಂಗಳು ಬಸ್ಸಿನಲ್ಲಿ ತಿರುಗಿ ಈಗ ಹಡಗಲಿಗೆ ಬಂದಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಸಿಕ್ಕಿದೆ. ಮುಂಜಾನೆ ಮಲ್ಲಿಗೆ ಬುಟ್ಟಿಗಳನ್ನು ಬಸ್ಸಿನ ಮೇಲೆ ಏರಿಸುವಾಗ ಓಣಿಯೆಲ್ಲ ಘಮ್ ಅನ್ನುತ್ತದಂತೆ, ಮನೆಯೊಡತಿ ಜಂಬಕ್ಕ ಹೇಳುತ್ತಾಳೆ. ನನ್ನ ಮೂಗಿಗೆ ಇನ್ನೂ ಸ್ಪಿರಿಟ್ ವಾಸನೆಯೇ ಬಡಿಯುತ್ತದೆ.

ಒಂದೊಂದು ಪ್ರಶ್ನೆಯ ಮುಂದೆ ಮೂರು ಮನೆ: ಯಾವಾಗಲೂ, ಒಮ್ಮೊಮ್ಮೆ, ಎಂದೂ ಇಲ್ಲ. ಒಂದರಲ್ಲಿ ಗೆರೆ ಎಳೆದರೆ ಆಯಿತು. ಹೊತ್ತಿಗೆ ಸರಿಯಾಗಿ ಉಣ್ಣಲು ಆಗದೆ ಹೋಗುತ್ತದೆಯೇ, ಮನೆಗೆ ಹೋದ ಮೇಲೂ ವಾರ್ಡಿನ ಚಿಂತೆ ಹತ್ತುತ್ತದೆಯೇ, ರೋಗಿಯ ಕಡೆಯವರು ಮೈಮೇಲೆ ಬಂದಿದ್ದಾರೆಯೇ, ಇಂಥವು. ಅರವತ್ತೊಂದು ಜನ ತುಂಬಿಕೊಟ್ಟರು. ಬಿಡಿಸಿ ನೋಡಿದರೆ ಅರವತ್ತೊಂದರಲ್ಲೂ ಎಂದೂ ಇಲ್ಲ, ಎಂದೂ ಇಲ್ಲ. ಯಾರಿಗೂ ಏನೂ ತ್ರಾಸಿಲ್ಲ, ಎಲ್ಲರೂ ಸ್ವರ್ಗದಲ್ಲಿದ್ದಾರೆ! ಒಬ್ಬಳು ಮಧ್ಯಾಹ್ನ ನಾಲ್ಕಕ್ಕೆ ಔಷಧದ ಕಪಾಟಿನ ಮರೆಯಲ್ಲಿ ನಿಂತುಕೊಂಡೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು, ಯಾರೋ ಕೂಗಿದರೆ ಎಂಜಲು ಕೈಯಲ್ಲೇ ಓಡಿದಳು, ತಿರುಗಿ ಬಂದು ಊಟದ ಪ್ರಶ್ನೆಯ ಮುಂದೆ ಎಂದೂ ಇಲ್ಲ ಅಂತ ಗೆರೆ ಎಳೆದಳು. ಆಮೇಲೆ ಗೊತ್ತಾಯಿತು, ಯಾರನ್ನು ವರ್ಗ ಮಾಡಬೇಕು ಅಂತ ನೋಡಲು ಬಂದವಳು ನಾನು ಅನ್ನುವ ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲೇ ಊರಿಂದ ಊರಿಗೆ ಹೋಗಿತ್ತು. 'ತ್ರಾಸ್ ಐತಿ ಅಂತ ಬರದ್ರ ನಮ್ಮನ್ನ ಯಾವ ಮೂಲಿಗೆ ಒಗೀತೀರಿ ಮೇಡಂ' ಅಂತ ಒಬ್ಬಳು ನಗುತ್ತಲೇ ಕೇಳಿದಳು. ನಾನೂ ಅದೇ ಬಿಳೀ ಸೀರೆ ಉಟ್ಟು ನಿಂತವಳು, ಈಗ ಮೇಡಂ ಆಗಿಬಿಟ್ಟೆ ನೋಡು.

ಕೊಟ್ಟೂರಿನಲ್ಲಿ ಅನ್ನದಾನಮ್ಮ ಸಿಸ್ಟರ್ ಅಂತ ಇದ್ದಾರೆ, ಈ ಸೀಮೆಯಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದು ರಿಟೈರ್ ಆದವರು. ಅವರ ಮಾತನ್ನು ಎಲ್ಲರೂ ಕೇಳುತ್ತಾರೆ, ಅವರಿಂದ ಒಂದು ಮಾತು ಹೇಳಿಸೋಣ ಅಂತ ಮನೆಗೆ ಹೋದೆ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟು, ನನ್ನ ಹಾಳೆ ತಿರುವಿ ನೋಡಿ 'ಇದನ್ನ ನೀ ತುಂಬಿಯೇನವಾ' ಅಂದರು. ಇಲ್ಲ, ನಾನು ಕೇಳುವವಳು ಅಂದೆ. 'ತುಂಬು ಮತ್ತ' ಅಂತ ಪೆನ್ನು ಕೊಟ್ಟರು. ಕ್ಯಾಜುವಾಲಿಟಿಯ ಆ ವರ್ಷಗಳನ್ನು ನೆನೆಸಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ತುಂಬಿದೆ. ಬಜ್ಜಿ ಆರುವುದರೊಳಗೆ ಮುಗಿಯಿತು. ಅವರು ಕನ್ನಡಕ ಏರಿಸಿ ಓದಿ, ತಿರುಗಿ ನನ್ನ ಕೈಗೇ ಕೊಟ್ಟು, 'ಇದನ್ನೂ ಅವರ ಹಾಳಿಗಳಾಗ ಸೇರಿಸವಾ, ಎಲ್ಲಾ ಒಬ್ಬಾಕೀನ ಬರದಂಗ ಐತಿ' ಅಂದರು. ನೋಡಿದೆ. ನಲವತ್ತೆರಡಕ್ಕೂ ಎಂದೂ ಇಲ್ಲ. ನನ್ನನ್ನು ಯಾರು ವರ್ಗ ಮಾಡುತ್ತಿದ್ದರು ಹೇಳು, ನನಗೆ ಯಾರ ಹೆದರಿಕೆ?

ಅದರಲ್ಲಿ ಒಂದು ಮಾತ್ರ ನಿಜ. ಮೂವತ್ತೊಂದನೆಯದು, ರೋಗಿ ಸತ್ತಾಗ ಅಳು ಬರುತ್ತದೆಯೇ ಅಂತ. ನನಗೆ ಬರುವುದಿಲ್ಲ ಅವ್ವಾ. ಈರುಳ್ಳಿ ಹೆಚ್ಚಿದರೆ ಬರುತ್ತದೆ, ಅಷ್ಟೇ. ಅಪ್ಪನನ್ನು ಲಾರಿಯಲ್ಲಿ ಹಾಕಿಕೊಂಡು ಬಂದ ದಿನವೂ ಬರಲಿಲ್ಲ. ಅಪ್ಪ ದುಡಿಯುತ್ತಿದ್ದ ಮಂಡಿಯಲ್ಲಿ ಶೇಂಗಾ ಚೀಲಗಳು ಕುಸಿದು ಮೈಮೇಲೆ ಬಿದ್ದಿದ್ದವು. ನಾನು ಮಧ್ಯಾಹ್ನದ ಡ್ಯೂಟಿಯಲ್ಲಿದ್ದೆ. ಸ್ಟ್ರೆಚರ್ ಹತ್ತಿರ ಬಂದಾಗ ನಾನು ಮೊದಲು ನೋಡಿದ್ದು ಮಾರಿಯನ್ನಲ್ಲ, ಹೊಟ್ಟೆಯನ್ನು. ಹೊಟ್ಟೆ ಬಿಗಿದಿತ್ತು, ಒಳಗೇ ರಕ್ತ ಹರಿಯುತ್ತಿದೆ ಅಂತ ಗೊತ್ತಾಯಿತು. ಆಮೇಲೆ ಮಾರಿ ನೋಡಿದೆ. ಅದೇ ಲಾರಿಯಲ್ಲಿ ಬಂದಿದ್ದ ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಪರದೆ ಎಳೆದೆ. ಡಾಕ್ಟರು ಬಂದರು, ಸಲೈನ್ ಏರಿಸಿದೆ, ರಕ್ತಕ್ಕೆ ಚೀಟಿ ಬರೆದೆ. ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ಹೊತ್ತು ಬರೆದು ಸಹಿ ಹಾಕಿದವಳೂ ನಾನೇ. ಹೊರಗೆ ಬಂದು ನಿನಗೆ ಹೇಳಿದಾಗ ನೀನು 'ಏನಾರ ಅಂದನೇನ ನಿಮ್ಮಪ್ಪ' ಅಂತ ಕೇಳಿದಿ. ಇಲ್ಲವ್ವಾ, ಎಚ್ಚರ ಇರಲಿಲ್ಲ, ಏನೂ ಗೊತ್ತಾಗದಂಗ ಹೋದ ಅಂದೆ. ಅಷ್ಟರಲ್ಲಿ ಕೈ ಮುರಿದ ಬಸ್ ಡ್ರೈವರ್ ಒಬ್ಬನನ್ನು ತಂದರು. ಒಳಗೆ ಹೋಗಿ ಅವನ ಕೈಗೆ ಪಟ್ಟಿ ಕಟ್ಟುತ್ತ ನಿಂತೆ. ನೀನು ಬಾಗಿಲಲ್ಲಿ ನಿಂತು ಅದನ್ನು ನೋಡಿದಿ.

ಮನೆಯ ಮುಂದೆ ಹೆಂಗಸರು ಹಾಡಿಕೊಂಡು ಅಳುವಾಗ ಹಿರಿಮಗಳ ಸರದಿಗೆ ಎಲ್ಲರೂ ಕಾದರು. ಓಣಿಯ ದುರುಗಮ್ಮತ್ತೆ ನನ್ನ ಬೆನ್ನಿಗೆ ತಿವಿದು 'ಬಾಯಿ ಬಿಡವಾ, ಅತ್ತು ಬಿಡು' ಅಂದಳು. ಬಾಯಿ ಬಿಟ್ಟೆ, ಏನೂ ಬರಲಿಲ್ಲ. ನೀನು ಹಾಡಿದಿ. 'ನಂಗೊಂದು ಮಾತು ಹೇಳದಂಗ ಹೋದೆಲ್ಲೋ, ಮೂವತ್ತು ವರ್ಷ ಬಾಳಿದಾಕಿ ನೆನಪಾಗಲಿಲ್ಲೇನೋ' ಅಂತ. ಹಾಡುತ್ತ ಹಾಡುತ್ತಲೇ ಕಣ್ಣು ಕತ್ತಲೆ ಬಂದು ಬಿದ್ದಿ. ನಾನು ಬಗ್ಗಿ ನಿನ್ನ ಕೈ ಹಿಡಿದೆ. ಹಿಡಿದದ್ದು ನಾಡಿ ನೋಡಲಿಕ್ಕೆ, ಕಣ್ಣು ಕೈಗಡಿಯಾರದ ಮೇಲಿತ್ತು. ಎಚ್ಚರಾದ ಕೂಡಲೇ ನಿನಗೆ ಕಂಡದ್ದು ಅದೇ. 'ಕರುಳಿಲ್ಲದಾಕಿ, ಕೈ ಬಿಡು' ಅಂದಿ. ಬಿಟ್ಟೆ. ಮೂರನೇ ದಿನದ ಕಾರ್ಯ ಮುಗಿಸಿ ಪಕ್ಕಿಯ ಜೊತೆ ತೆಲಿಗಿಗೆ ಹೋದವಳು ನೀನು, ಇವತ್ತಿನವರೆಗೆ ನನ್ನ ಕಡೆ ತಿರುಗಿಲ್ಲ. ಅಪ್ಪ ನಿನ್ನನ್ನು ನೆನೆಯದೆ ಹೋದ ಅಂತ ಈಗಲೂ ರೊಟ್ಟಿ ಬಡಿಯುತ್ತ ಗೊಣಗುತ್ತೀಯಂತೆ, ಇದೊಂದನ್ನು ಪಕ್ಕಿ ಮರೆಯದೆ ಬರೆದಿದ್ದಾಳೆ.

ಇನ್ನು ಹತ್ತು ದಿನಕ್ಕೆ ಹಿರಿಯರ ಅಮಾವಾಸ್ಯೆ. ಅಪ್ಪನಿಗೆ ಎಡೆ ಇಡುತ್ತೀರಿ. ಈ ಸಲ ನಾನೂ ಬರಲೇ? ನನಗೆ ಬೇಡಿಕೊಳ್ಳಲು ಬರುವುದಿಲ್ಲ, ಬರಲೇ ಅಂತ ಕೇಳುವುದೇ ನನ್ನ ಬೇಡಿಕೆ ಅಂತ ತಿಳಿ. ಹೋಳಿಗೆಗೆ ಕಣಕ ನಾದುವ ಕೆಲಸ ನನಗೆ ಬಿಡು, ಮಾತಾಡಿಸದಿದ್ದರೆ ಮಾತಾಡಿಸಬೇಡ, ಒಂದು ಮೂಲೆಯಲ್ಲಿ ಇರುತ್ತೇನೆ. ಅಪ್ಪನ ಎಡೆಯ ಮುಂದೆ ನಿನ್ನ ಪಕ್ಕ ಕೂರಬೇಕು ಅಂತ ಆಸೆ. ಬೇರೆ ಆಸೆ ಯಾವುದೂ ಸದ್ಯಕ್ಕೆ ನನಗೆ ಇದ್ದಂತಿಲ್ಲ.

ಕೂಸಿನ ಗಲ್ಲಕ್ಕೆ ನನ್ನದೊಂದು ಮುತ್ತು ಕೊಡು. ಸುಂಕಪ್ಪನಿಗೆ ಬೀಡಿ ಕಡಿಮೆ ಮಾಡಲು ಹೇಳು, ನರ್ಸಮ್ಮ ಹೇಳಿದಳು ಅನ್ನು. ಗುಳಿಗೆ ಉಂಡ ಮೇಲೆ.

ನಿನ್ನ ಮಗಳು,
ಉಚ್ಚಂಗಿ

ತಾ.ಕ.: ಡಬ್ಬಿಯಿಂದ ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಪಕ್ಕೀ, ಇಲ್ಲಿಂದ ಒಂದಕ್ಷರ ಹಾರಿಸಬೇಡ, ನನ್ನಾಣೆ. ಅವ್ವಾ, ಅಪ್ಪನಿಗೆ ಎಚ್ಚರ ಇತ್ತು. ಕೊನೆಯ ಐದು ನಿಮಿಷ ಬಿಟ್ಟರೆ ಪೂರಾ ಎಚ್ಚರ ಇತ್ತು. ಎಚ್ಚರ ಇರಲಿಲ್ಲ ಅನ್ನುವುದು ನಾವು ಎಲ್ಲ ಮನೆಯವರಿಗೂ ಹೇಳುವ ಮಾತು, ಬಾಯಿಪಾಠವಾಗಿರುತ್ತದೆ, ನಿನಗೂ ಅದನ್ನೇ ಹೇಳಿಬಿಟ್ಟೆ. ಅಪ್ಪ 'ನಿಮ್ಮವ್ವನ್ನ ಕರಿ' ಅಂದ. ಎರಡು ಸಲ ಅಂದ. ಮನೆಯವರನ್ನು ಪರದೆಯ ಒಳಗೆ ಬಿಡುವ ರೂಢಿ ನಮ್ಮಲ್ಲಿಲ್ಲ, 'ಆಮ್ಯಾಲ ಕರೀತೀನಿ, ಸುಮ್ನ ಮಲಗಪ್ಪಾ' ಅಂದೆ. ನೀನು ಹತ್ತು ಹೆಜ್ಜೆ ದೂರದಲ್ಲಿದ್ದಿ. ಆಮೇಲೆ ಅವನು ಕರಿ ಅನ್ನಲಿಲ್ಲ. 'ಇವತ್ತು ಮಂಗಳವಾರ, ಆಕಿ ಒಪ್ಪತ್ತು ಅದಾಳ, ಆಕಿಗೆ ಏನಾರ ತಿನ್ನಾಕ ಕೊಡಸು' ಅಂದ. ಅದೇ ಕೊನೆಯ ಮಾತು. ನಾನು ಹೂಂ ಅಂದೆ. ನಿನಗೆ ತಿನ್ನಲೂ ಕೊಡಿಸಲಿಲ್ಲ, ಹೇಳಲೂ ಇಲ್ಲ, ನೀನು ಹಾಡಿ ಅಳುವಾಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಈಗ ನನ್ನನ್ನು ಎಡೆಗೆ ಬರಬೇಡ ಅನ್ನುವುದಾದರೆ ಅನ್ನು. ಪಕ್ಕಿಯ ಕೈಯಿಂದ ಬರೆಸಬೇಡ, ನೀನೇ ಬಂದು ಅನ್ನು.