ಮೇಜಿನ ಮೇಲೆ ಮೂರು ಬಡಿತ

ಸಂಭಾಜಿನಗರ, ೧೧ ಸೆಪ್ಟೆಂಬರ್ ೨೦೨೫, ಗುರುವಾರ

ಆ ಮೂರು ಬಡಿತ ಇನ್ನೂ ಕಿವಿಯಲ್ಲಿವೆ.

ಇಂದು ಜರ್ಮನ್ ವಿಭಾಗದಲ್ಲಿ ನನ್ನ ಉಪನ್ಯಾಸವಿತ್ತು. ನಮ್ಮಲ್ಲಿ ಚಪ್ಪಾಳೆಯಿಲ್ಲ; ಜರ್ಮನಿಯವರ ಹಾಗೆ ಕೊನೆಗೆ ಬೆರಳ ಗಂಟಿನಿಂದ ಮೇಜು ಬಡಿಯುತ್ತೇವೆ. ಈ ರೂಢಿ ತಂದವರು ಬೀದರಿನ ಮನ್ಮಥಪ್ಪ ಸರ್. ಯಾರಾದರೂ ಇನ್ನೊಬ್ಬರ ವಿಚಾರವನ್ನು ಹೆಸರು ಹೇಳದೆ ಓದಿದರೆ ಮಾತ್ರ ಅವರು ನಡುವೆಯೇ ಎಡಗೈಯಿಂದ ಮೂರು ಸಲ ಬಡಿದು, “ಇದು ಯಾರದ್ದು?” ಎನ್ನುತ್ತಿದ್ದರು. ಹೋದ ದೀಪಾವಳಿಗೆ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕ ನನ್ನ ಬಳಿಯೇ ಉಳಿಯಿತು.

ಇಂದು ಓದಿದ್ದು ಅದನ್ನೇ. ಹೆಸರು ಹೇಳಲಿಲ್ಲ.

ಎರಡನೆಯ ಪುಟಕ್ಕೆ ಬಂದಾಗ ಕೊನೆಯ ಬೆಂಚಿನಿಂದ ಟಕ್, ಟಕ್, ಟಕ್. ಅಲ್ಲಿ ಯಾರೂ ಕಾಣಲಿಲ್ಲ. ಹೇಗೋ ಓದಿ ಮುಗಿಸಿದೆ.

ಎಲ್ಲರೂ ಹೋದ ಮೇಲೆ, ಕಸ ಗುಡಿಸುತ್ತಿದ್ದ ಕಾಶಿಬಾಯಿಯನ್ನು ಕೇಳಿದೆ; ಅವಳೂ ಬೀದರ ಕಡೆಯವಳು, ಉಪನ್ಯಾಸದುದ್ದಕ್ಕೂ ಬಾಗಿಲ ಬಳಿಯೇ ಇದ್ದಳು: “ಹಿಂದ ಬಡದವ್ರು ಯಾರು?”

“ಹಿಂದ ಯಾರೂ ಇರಲಿಲ್ರಿ ಮೇಡಂ. ನೀವ ಬಡದ್ರಲ್ಲ, ಓದ್ಕೋತ, ಎಡಗೈಲೆ. ಥೇಟ್ ಸರ್ ಬಡದಂಗ.”

ರೂಮಿಗೆ ಬಂದು ನೋಡಿದರೆ ಎಡಗೈಯ ಬೆರಳ ಗಂಟುಗಳು ಕೆಂಪಾಗಿವೆ.

ನಾಳೆ ನಾಸಿಕದಲ್ಲಿ ಇದೇ ಉಪನ್ಯಾಸ. ಮೊದಲ ಸಾಲಿನಲ್ಲಿ ಅವರ ಹೆಸರು ಸೇರಿಸಬೇಕು. ಇನ್ನೂ ಸೇರಿಸಿಲ್ಲ. ಬಲಗೈ ಇದನ್ನು ಬರೆಯುತ್ತಿದೆ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೇನೆ.